ನಿಂತಲ್ಲೇ ಸವೆಯುವ ಕಾರು

1930ರ ದಶಕದಲ್ಲಿ ಅಮೆರಿಕದ ಮೋಟಾರು ಕಂಪನಿಗಳಿಗೆ ಒಂದು ವಿಚಿತ್ರ ದೂರು ಬರತೊಡಗಿತು. ಡೆಟ್ರಾಯಿಟ್‌ನ ಕಾರ್ಖಾನೆಗಳಿಂದ ರೈಲು ಹತ್ತಿಸಿ ದೂರದ ಊರುಗಳಿಗೆ ಕಳಿಸಿದ ಹೊಚ್ಚಹೊಸ ಕಾರುಗಳಲ್ಲಿ ಕೆಲವು, ಇಳಿಸಿ ಮೊದಲ ಸಲ ಓಡಿಸಿದಾಗಲೇ ಚಕ್ರದ ಬಳಿ ಗರಗರ ಸದ್ದು ಮಾಡುತ್ತಿದ್ದವು. ಬೇರಿಂಗ್ ಬಿಚ್ಚಿ ನೋಡಿದರೆ, ಉಕ್ಕಿನ ಗುಂಡುಗಳು ಕೂತಿದ್ದ ಜಾಗದಲ್ಲೆಲ್ಲ ಉಗುರಿನಿಂದ ಒತ್ತಿದಂಥ ಪುಟ್ಟ ಕುಳಿಗಳು, ಅವುಗಳ ಸುತ್ತ ಕೆಂಪು ಪುಡಿ. ಚಕ್ರಗಳಾದರೋ ದಾರಿಯುದ್ದಕ್ಕೂ ಒಂದು ಸುತ್ತೂ ತಿರುಗಿರಲಿಲ್ಲ. ಆದದ್ದು ಇಷ್ಟೆ. ರೈಲಿನ ಅಲುಗಾಟಕ್ಕೆ ಗುಂಡುಗಳು ಕೂತಲ್ಲೇ ಕೂದಲೆಳೆಯಷ್ಟು ಹಿಂದೆ ಮುಂದೆ ಉಜ್ಜಾಡಿದವು. ನಡುವೆ ಇದ್ದ ಗ್ರೀಸ್ ಪಕ್ಕಕ್ಕೆ ಸರಿಯಿತು. ಚಕ್ರ ಪೂರ್ತಿ ತಿರುಗಿದ್ದರೆ ಗುಂಡು ಹೊಸ ಗ್ರೀಸನ್ನು ತನ್ನ ದಾರಿಗೆ ಎಳೆದುಕೊಳ್ಳುತ್ತಿತ್ತು; ತಿರುಗದ ಕಾರಣ ಲೋಹಕ್ಕೆ ಲೋಹ ತಾಗಿ, ಉದುರಿದ ಕಣ ತುಕ್ಕಾಗಿ, ಆ ತುಕ್ಕೇ ಮರಳು ಕಾಗದದಂತೆ ಕುಳಿ ತೋಡಿತು. ಅಷ್ಟೇ ದೂರವನ್ನು ರಸ್ತೆಯ ಮೇಲೆ ಓಡಿಸಿಕೊಂಡು ಹೋಗಿದ್ದರೆ ಆ ಬೇರಿಂಗುಗಳಿಗೆ ಏನೂ ಆಗುತ್ತಿರಲಿಲ್ಲ. ಮೀಟರಿನಲ್ಲಿ ಸೊನ್ನೆ, ಬೇರಿಂಗಿನಲ್ಲಿ ಸವೆತ. ಈ ಎರಡನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಂಡರೆ ಈ ಅಧ್ಯಾಯದ ವಾದ ಅರ್ಧ ಅರ್ಥವಾದಂತೆ.

ನಮ್ಮ ಪ್ರಶ್ನೆ ಮೇಲ್ನೋಟಕ್ಕೆ ಸಿರಿವಂತರ ಚಪಲದಂತೆ ಕಾಣಬಹುದು. ಕಡಿಮೆ ಸಂಖ್ಯೆಯಲ್ಲಿ ತಯಾರಾದ ವಿಶೇಷ ಆವೃತ್ತಿಯ ಸ್ಪೋರ್ಟ್ಸ್ ಕಾರೊಂದನ್ನು ಸೆಕೆಂಡ್ ಹ್ಯಾಂಡ್ ಕೊಂಡು ದಿನನಿತ್ಯ ಓಡಿಸಬಹುದೆ? ಓಡಿಸುವುದಾದರೆ ಎಂಥದನ್ನು ಕೊಳ್ಳಬೇಕು? ಮಾರುಕಟ್ಟೆಯ ಉತ್ತರ ಸಿದ್ಧವಾಗಿದೆ: ಮೀಟರಿನಲ್ಲಿ ಅಂಕಿ ಎಷ್ಟು ಕಡಿಮೆಯೋ ಕಾರು ಅಷ್ಟು ಒಳ್ಳೆಯದು, ಬೆಲೆಯೂ ಅಷ್ಟು ಹೆಚ್ಚು. ಓಡದೆ ಕೂತ ಕಾರು ಹೊಸದರಂತೆ, ಓಡಿದ್ದು ಹಳತರಂತೆ. ಇಲ್ಲಿನ ವಾದ ಇದಕ್ಕೆ ಹೆಚ್ಚುಕಡಿಮೆ ವಿರುದ್ಧ. ಕಾರಿನೊಳಗೆ ಹಲವು ಗಡಿಯಾರಗಳು ಒಟ್ಟಿಗೆ ನಡೆಯುತ್ತಿರುತ್ತವೆ. ಕಿಲೋಮೀಟರ್ ಎಣಿಸುವುದು ಅವುಗಳಲ್ಲಿ ಒಂದು ಮಾತ್ರ. ದಿನಾ ಓಡಿಸಲು ಕೊಳ್ಳುವವರಿಗೆ ಆ ಒಂದು ಗಡಿಯಾರ ಅತ್ಯಂತ ಕಡಿಮೆ ಮಾಹಿತಿ ಕೊಡುತ್ತದೆ, ಅತ್ಯಂತ ಹೆಚ್ಚು ಹಣ ಕೇಳುತ್ತದೆ.

ಮಾತು ಗಾಳಿಯಲ್ಲಿ ತೇಲದಿರಲು ಒಂದು ನಿರ್ದಿಷ್ಟ ಕಾರನ್ನೇ ಎದುರಿಗಿಟ್ಟುಕೊಳ್ಳೋಣ: 2003ರಲ್ಲಿ ಬಂದ ಬಿಎಂಡಬ್ಲ್ಯು ಎಂ3 ಸಿಎಸ್ಎಲ್. ಆ ಮೂರಕ್ಷರಗಳ ಕೊನೆಯದು ಜರ್ಮನ್ ಭಾಷೆಯಲ್ಲಿ 'ಹಗುರ ರಚನೆ' ಎಂಬುದರ ಗುರುತು. ಒಟ್ಟು ತಯಾರಾದದ್ದು 1,383. ಅವುಗಳಲ್ಲಿ 422 ಬ್ರಿಟನ್ನಿಗೆ ಬಂದವು. ಸಾಮಾನ್ಯ ಎಂ3ಗಿಂತ ಇದರ ತೂಕ 110 ಕಿಲೋ ಕಡಿಮೆ. ಚಾವಣಿಗೆ ಉಕ್ಕಿನ ಬದಲು ಕಾರ್ಬನ್ ನಾರಿನ ಹಾಳೆ, ಹಿಂಬದಿಗೆ ತೆಳುವಾದ ಗಾಜು, ಡಿಕ್ಕಿಯ ನೆಲಕ್ಕೆ ಜೇನುಗೂಡಿನಂತೆ ಮಡಚಿದ ಕಾಗದದ ತಿರುಳಿರುವ ಹಲಗೆ. ಎ.ಸಿ. ಮತ್ತು ರೇಡಿಯೋ ಬೇಕೆಂದು ಕೇಳಿದವರಿಗೆ ಮಾತ್ರ. ಹೀಗೆ ಕಾರನ್ನು ಉಪವಾಸ ಕೆಡವುವ ಪದ್ಧತಿ ರೇಸಿನಿಂದ ಬಂತು. ಇಂತಿಷ್ಟು ಕಾರುಗಳನ್ನು ಸಾರ್ವಜನಿಕರಿಗೆ ಮಾರಿದರೆ ಮಾತ್ರ ಆ ಮಾದರಿಗೆ ರೇಸಿನಲ್ಲಿ ಪ್ರವೇಶ ಎಂಬ ನಿಯಮಕ್ಕಾಗಿ ಪೋರ್ಷೆ ಕಂಪನಿ 1973ರ ಮಾದರಿಯಾಗಿ ಕರೇರಾ ಆರ್‌ಎಸ್ 2.7 ಎಂಬ ತೆಳು ತಗಡಿನ ಕಾರನ್ನು ತಂದಿತು. ಬೇಕಿದ್ದದ್ದು 500, ಬೇಡಿಕೆ ನೋಡಿ ಮಾಡಿದ್ದು 1,580. ಕಡಿಮೆ ಕೊಟ್ಟು ಹೆಚ್ಚು ಬೆಲೆ ಕೇಳಿದರೂ ಜನ ಕೊಳ್ಳುತ್ತಾರೆ ಎಂಬ ಪಾಠವನ್ನು ಕಾರು ಉದ್ಯಮ ಅಂದು ಕಲಿತದ್ದು ಇಂದಿಗೂ ಮರೆತಿಲ್ಲ.

ಈಗ ಬ್ರಿಟನ್ನಿನಲ್ಲಿ ಎರಡು ಸಿಎಸ್ಎಲ್‌ಗಳು ಮಾರಾಟಕ್ಕಿವೆ ಎಂದು ಕಲ್ಪಿಸಿಕೊಳ್ಳಿ. ಎರಡೂ ಒಂದೇ ವರ್ಷದವು. ಮೊದಲನೆಯದು ಇಪ್ಪತ್ತು ವರ್ಷಗಳಲ್ಲಿ 25,000 ಕಿ.ಮೀ. ಓಡಿದೆ, ಹೆಚ್ಚಿನ ಕಾಲ ಹೊದಿಕೆಯಡಿ ನಿಂತಿತ್ತು. ಎರಡನೆಯದು 1,80,000 ಕಿ.ಮೀ. ಓಡಿದೆ, ಪ್ರತಿ ಸರ್ವೀಸಿನ ರಸೀದಿಯೂ ಇದೆ. ಮೊದಲನೆಯದರ ಬೆಲೆಗೆ ಎರಡನೆಯದನ್ನು ಕೊಂಡು ಸಾಕಷ್ಟು ದುಡ್ಡು ಉಳಿಸಬಹುದು. ಓಟಕ್ಕೆ ಯಾವುದು ವಾಸಿ? ಇದಕ್ಕೆ ಉತ್ತರಿಸಲು ಎಂಜಿನ್ನಿನ ಒಳಗೆ ಸವೆತ ಯಾವಾಗ ಆಗುತ್ತದೆ ಎಂಬುದನ್ನು ಮೊದಲು ತಿಳಿಯಬೇಕು. ಎಷ್ಟು ಓಡಿದರೆ ಅಷ್ಟು ಸವೆತ ಎಂಬುದು ಚಪ್ಪಲಿಗೆ ಸರಿ, ಬೇರಿಂಗಿಗೆ ಅಲ್ಲ.

ಇದನ್ನು ಮೊದಲು ಕಂಡದ್ದು ಒಂದು ಮರದ ಬಿರಡೆಯಿಂದ. 1883ರಲ್ಲಿ ಬೋಷಾಂ ಟವರ್ ಎಂಬ ಇಂಗ್ಲಿಷ್ ಎಂಜಿನಿಯರು ರೈಲ್ವೆ ಅಚ್ಚಿನ ಬೇರಿಂಗುಗಳ ಘರ್ಷಣೆಯನ್ನು ಅಳೆಯುತ್ತಿದ್ದ. ಎಣ್ಣೆ ಬಿಡಲು ಬೇರಿಂಗಿನ ನೆತ್ತಿಗೆ ಒಂದು ತೂತು ಕೊರೆಸಿದ. ಯಂತ್ರ ತಿರುಗಿದಾಗ ಆ ತೂತಿನಿಂದ ಎಣ್ಣೆ ಒಳಗೆ ಹೋಗುವ ಬದಲು ಹೊರಗೆ ಉಕ್ಕಿತು. ಮರದ ಬಿರಡೆ ಜಡಿದರೆ ಅದೂ ನಿಧಾನವಾಗಿ ಮೇಲೆದ್ದು ಹೊರಬಿತ್ತು. ಒತ್ತಡದ ಮಾಪಕ ಕೂರಿಸಿದರೆ ಮುಳ್ಳು ಅಳತೆಯ ಕೊನೆ ದಾಟಿತು. ತಿರುಗುವ ಅಚ್ಚು ತನ್ನ ಸುತ್ತಲಿನ ಎಣ್ಣೆಯನ್ನು ಕಿರಿದಾದ ಸಂದಿಗೆ ಎಳೆದು ತುಂಬಿ, ಆ ಒತ್ತಡದ ಮೇಲೆ ತಾನೇ ತೇಲುತ್ತಿತ್ತು. 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಇದಕ್ಕೆ ಗಣಿತ ಕೊಟ್ಟ. ಚೆನ್ನಾಗಿ ತಿರುಗುತ್ತಿರುವ ಬೇರಿಂಗಿನಲ್ಲಿ ಲೋಹಕ್ಕೆ ಲೋಹ ತಾಗುವುದೇ ಇಲ್ಲ. ಮೈಕ್ರಾನ್ ಲೆಕ್ಕದ ಎಣ್ಣೆಯ ಪೊರೆ ನಡುವೆ ಇರುತ್ತದೆ. ತಾಗುವುದು ಶುರುವಾಗುವಾಗ ಮತ್ತು ನಿಲ್ಲುವಾಗ, ವೇಗ ಸಾಲದೆ ಪೊರೆ ಕಟ್ಟದಿರುವಾಗ. ಹಾಗಾಗಿ ಒಂದು ಸಲ ಸ್ಟಾರ್ಟ್ ಮಾಡಿ ಇನ್ನೂರು ಕಿಲೋಮೀಟರ್ ಓಡಿದ ಎಂಜಿನ್ನಿಗಿಂತ, ಇಪ್ಪತ್ತು ಸಲ ಸ್ಟಾರ್ಟ್ ಮಾಡಿ ಹತ್ತತ್ತು ಕಿಲೋಮೀಟರ್ ಓಡಿದ ಎಂಜಿನ್ನಿಗೆ ಪೆಟ್ಟು ಹೆಚ್ಚು. ಮೀಟರು ಎರಡಕ್ಕೂ ಒಂದೇ ಅಂಕಿ ತೋರಿಸುತ್ತದೆ.

ಸಿಎಸ್ಎಲ್‌ನ ಎಂಜಿನ್ನಿನಲ್ಲಿ ಈ ವಿಷಯ ಇನ್ನೂ ತೀಕ್ಷ್ಣ. ಆರು ಸಿಲಿಂಡರು, 3.2 ಲೀಟರು, 7,900 ಸುತ್ತಿನಲ್ಲಿ 360 ಅಶ್ವಶಕ್ತಿ. ಪಿಸ್ಟನ್ನಿನ ಏರಿಳಿತ 91 ಮಿಲಿಮೀಟರು. ಗುಣಿಸಿ ನೋಡಿದರೆ ಆ ಸುತ್ತಿನಲ್ಲಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ ಸುಮಾರು 24 ಮೀಟರು. ಅಷ್ಟು ವೇಗದಲ್ಲಿ ಓಡುತ್ತಲೇ ಅದು ಸೆಕೆಂಡಿಗೆ 263 ಸಲ ಪೂರ್ತಿ ನಿಂತು ದಿಕ್ಕು ಬದಲಿಸುತ್ತದೆ. ಆ ಎಳೆದಾಟವನ್ನೆಲ್ಲ ಹೊರುವುದು ಕನೆಕ್ಟಿಂಗ್ ರಾಡಿನ ಬುಡದಲ್ಲಿರುವ ಬಳೆಯಂಥ ಬೇರಿಂಗು. ಇದೇ ಕುಟುಂಬದ ಆರಂಭದ ಎಂಜಿನ್‌ಗಳಲ್ಲಿ ಈ ಬೇರಿಂಗುಗಳು ಕೈಕೊಟ್ಟವು. ಕಂಪನಿ ಕಾರುಗಳನ್ನು ಕರೆಸಿ ಅವನ್ನು ಬದಲಿಸಿಕೊಡಬೇಕಾಯಿತು. ಇದಕ್ಕೆ ಬಳಸುವ 10ಡಬ್ಲ್ಯು-60 ಎಣ್ಣೆ ಕಾದಾಗ ಗಟ್ಟಿ ಪೊರೆ ಕೊಡುವಂಥದು. ತಣ್ಣಗಿರುವಾಗ ಮಂದ, ಸಂದಿಗೊಂದಿಗೆ ಹರಿಯಲು ಸಮಯ ಬೇಕು. ವಿನ್ಯಾಸಕಾರರಿಗೆ ಇದು ಗೊತ್ತಿತ್ತು. ಸುತ್ತಿನ ಮಾಪಕದ ಅಂಚಿಗೆ ಅವರು ಕಿತ್ತಳೆ ಬಣ್ಣದ ಪುಟ್ಟ ದೀಪಗಳ ಸಾಲು ಇಟ್ಟರು. ತಣ್ಣಗೆ ಸ್ಟಾರ್ಟ್ ಮಾಡಿದಾಗ ಕೆಂಪು ಗೆರೆಗಿಂತ ಬಹಳ ಈಚೆಯಿಂದಲೇ ಅವು ಉರಿಯುತ್ತವೆ: ಇದನ್ನು ದಾಟಬೇಡ ಎಂದು. ಎಣ್ಣೆ ಕಾದಂತೆಲ್ಲ ಒಂದೊಂದಾಗಿ ಆರುತ್ತಾ ಹೋಗುತ್ತವೆ. ಆ ದೀಪಗಳಿಗೆ ಹಿಂದಿನ ಮಾಲೀಕರು ಎಷ್ಟು ಮರ್ಯಾದೆ ಕೊಟ್ಟರು ಎಂಬುದು ಎಂಜಿನ್ನಿನ ಆಯುಸ್ಸನ್ನು ನಿರ್ಧರಿಸಿರುತ್ತದೆ. ಓಡೋಮೀಟರಿನಲ್ಲಿ ಅದು ದಾಖಲಾಗುವುದಿಲ್ಲ.

ಕಾರನ್ನು ಜೋಪಾನವಾಗಿ ಇಟ್ಟಿದ್ದೇವೆ ಎನ್ನುವವರು ಸಾಮಾನ್ಯವಾಗಿ ಹೇಳುವ ಒಂದು ಮಾತಿದೆ: ತಿಂಗಳಿಗೊಮ್ಮೆ ಗ್ಯಾರೇಜಿನಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸುತ್ತೇವೆ. ಇದು ಉಪಕಾರಕ್ಕಿಂತ ಅಪಕಾರ. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದೊಂದಿಗೆ ಸೇರಿ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹುಟ್ಟುವ ನೀರು ಹೆಚ್ಚುಕಡಿಮೆ ಒಂದು ಲೀಟರು. ಚಳಿಗಾಲದ ಬೆಳಗ್ಗೆ ಸೈಲೆನ್ಸರಿನಿಂದ ತೊಟ್ಟಿಕ್ಕುವುದು ಅದೇ. ಕಾರು ದೂರ ಓಡಿದರೆ ಎಣ್ಣೆ, ಲೋಹ, ಸೈಲೆನ್ಸರು ಎಲ್ಲವೂ ಕಾದು ಆ ನೀರು ಆವಿಯಾಗಿ ಹೋಗುತ್ತದೆ. ಹತ್ತು ನಿಮಿಷ ನಿಂತಲ್ಲೇ ಗುರುಗುಟ್ಟಿದರೆ ಹಬೆ ತಣ್ಣನೆಯ ಗೋಡೆಗೆ ತಾಗಿ ಹನಿಯಾಗಿ ಒಳಗೇ ಉಳಿಯುತ್ತದೆ. ಉರಿಯದೆ ಉಳಿದ ಪೆಟ್ರೋಲ್ ಮತ್ತು ದಹನದ ಆಮ್ಲಗಳ ಜೊತೆ ಎಣ್ಣೆಗೆ ಬೆರೆಯುತ್ತದೆ. ಒಮ್ಮೆಯೂ ಪೂರ್ತಿ ಕಾಯದ ಎಂಜಿನ್ ಎಂದರೆ ಎಂದೂ ಒಣಗದ ಒದ್ದೆ ಬಟ್ಟೆಯ ಹಾಗೆ. ನಿಂತ ನೀರು ಕೆಡುತ್ತದೆ ಎನ್ನುವ ಮಾತು ಇಲ್ಲಿ ಅಕ್ಷರಶಃ ನಿಜ.

ಎಂಜಿನ್ನಿಗೆ ಸಂಬಂಧವೇ ಇಲ್ಲದ ಇನ್ನೊಂದು ಗಡಿಯಾರ ರಬ್ಬರಿನಲ್ಲಿದೆ. ಟೈರಿನ ರಬ್ಬರು ಉದ್ದನೆಯ ಅಣುಸರಪಳಿಗಳ ಜಾಲ. ಗಂಧಕ ಅವನ್ನು ಅಲ್ಲಲ್ಲಿ ಗಂಟು ಹಾಕಿರುತ್ತದೆ. ಗಾಳಿಯ ಆಮ್ಲಜನಕ ಒಳಗೆ ಸೇರುತ್ತಾ ಹೊಸ ಗಂಟುಗಳನ್ನು ಹಾಕುತ್ತದೆ, ಹಳೆಯ ಎಳೆಗಳನ್ನು ಕಡಿಯುತ್ತದೆ. ರಬ್ಬರು ಗಡುಸಾಗುತ್ತದೆ, ರಸ್ತೆಯ ಸಣ್ಣ ಉಬ್ಬುತಗ್ಗುಗಳಿಗೆ ಬಾಗಿ ಅಂಟಿಕೊಳ್ಳುವ ಗುಣ ಕಳೆದುಕೊಳ್ಳುತ್ತದೆ. ಓಜೋನ್ ಮೇಲ್ಮೈಯನ್ನು ಸಣ್ಣದಾಗಿ ಸೀಳುತ್ತದೆ. ಇದನ್ನು ತಡೆಯಲು ರಬ್ಬರಿಗೆ ಮೇಣ ಬೆರೆಸಿರುತ್ತಾರೆ. ಟೈರು ಉರುಳಿ ಬಾಗಿದಾಗ ಅದು ಮೇಲಕ್ಕೆ ಬರುತ್ತದೆ. ನಿಂತ ಟೈರಿಗೆ ಆ ರಕ್ಷಣೆಯೂ ಕಡಿಮೆ. ತೋಡುಗಳು ಹೊಸದರಂತೆ ಆಳವಾಗಿರುತ್ತವೆ, ಹಾಗಾಗಿ ನೋಡಿದವರು ಮೋಸಹೋಗುತ್ತಾರೆ. 2013ರ ನವೆಂಬರಿನಲ್ಲಿ ನಟ ಪಾಲ್ ವಾಕರ್ ಕ್ಯಾಲಿಫೋರ್ನಿಯಾದಲ್ಲಿ ಪೋರ್ಷೆ ಕರೇರಾ ಜಿಟಿ ಅಪಘಾತದಲ್ಲಿ ಸತ್ತಾಗ, ಪೊಲೀಸ್ ತನಿಖೆ ಅತಿವೇಗವನ್ನೇ ಕಾರಣ ಎಂದು ಹೇಳಿತು. ಜೊತೆಗೆ ಟೈರುಗಳು ಒಂಬತ್ತು ವರ್ಷ ಹಳೆಯವು ಎಂಬುದನ್ನೂ ದಾಖಲಿಸಿತು. ಅದೂ ಸೀಮಿತ ಸಂಖ್ಯೆಯ ಕಾರು. ಟೈರಿನ ವಯಸ್ಸು ತಿಳಿಯಲು ಯಾರನ್ನೂ ಕೇಳಬೇಕಿಲ್ಲ. ಪಕ್ಕದ ಗೋಡೆಯ ಮೇಲೆ ಒಂದು ಪುಟ್ಟ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತದೆ. 2318 ಎಂದಿದ್ದರೆ 2018ರ ಇಪ್ಪತ್ಮೂರನೆಯ ವಾರದಲ್ಲಿ ತಯಾರಾದದ್ದು ಎಂದರ್ಥ. ಲಕ್ಷಾಂತರ ಮೌಲ್ಯದ ಕಾರನ್ನು ನೋಡಲು ಹೋದವರು ಮೊದಲು ಮಂಡಿಯೂರಿ ಓದಬೇಕಾದದ್ದು ಈ ನಾಲ್ಕು ಅಂಕಿಗಳನ್ನು.

ಉಳಿದ ಗಡಿಯಾರಗಳನ್ನು ಬೇಗ ನೋಡಿಬಿಡಬಹುದು. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ಡಾಟ್ 4 ದರ್ಜೆಯದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ಶೇ. 3.7ರಷ್ಟು ನೀರು ಸೇರಿದ ಮೇಲೆ 155 ಡಿಗ್ರಿವರೆಗೆ ತಡೆದರೂ ಸಾಕೆಂದು ಮಾನದಂಡವೇ ಒಪ್ಪಿಕೊಳ್ಳುತ್ತದೆ. ಇಳಿಜಾರಿನಲ್ಲಿ ಒತ್ತಿದ ಪೆಡಲು ಮೆತ್ತಗೆ ನೆಲಕ್ಕಿಳಿಯುವುದು ಇದರಿಂದ. ಚಾರ್ಜ್ ಇಳಿದ ಬ್ಯಾಟರಿಯ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಕೂರುತ್ತದೆ. ಒಂದೇ ಭಂಗಿಯಲ್ಲಿ ವರ್ಷಗಟ್ಟಲೆ ಒತ್ತಿಹೋದ ಸೀಲುಗಳು ಆ ಆಕಾರಕ್ಕೇ ಒಗ್ಗಿ, ಎಂಜಿನ್ ಕಾದಾಗ ಜಿನುಗುತ್ತವೆ. ಟ್ಯಾಂಕಿನ ಪೆಟ್ರೋಲ್ ಆಮ್ಲಜನಕದೊಂದಿಗೆ ಸೇರಿ ಅಂಟಾಗುತ್ತದೆ. ಎಥೆನಾಲ್ ಬೆರೆತಿದ್ದರೆ ನೀರನ್ನೂ ಎಳೆದುಕೊಳ್ಳುತ್ತದೆ. ಇವು ಯಾವುವೂ ಕಿಲೋಮೀಟರ್ ಲೆಕ್ಕ ಇಡುವುದಿಲ್ಲ. 25,000 ಕಿ.ಮೀ. ಓಡಿದ ಕಾರಿನಲ್ಲಿ ಇವುಗಳಲ್ಲಿ ಎಷ್ಟೋ ಬಹಳ ವರ್ಷ ಹಳೆಯವಾಗಿರಬಹುದು, ಅದೂ ಯಾರೂ ಬದಲಿಸದೆ ಉಳಿದವು. ಓಡಿದ್ದು ಕಡಿಮೆ ಎಂಬ ಕಾರಣಕ್ಕೇ ಬದಲಿಸುವ ಪ್ರಸಂಗ ಬಂದಿರುವುದಿಲ್ಲ. 1,80,000 ಓಡಿದ ಕಾರಿನಲ್ಲಿ ಇವುಗಳನ್ನು ಎರಡು ಮೂರು ಸುತ್ತು ಬದಲಿಸಿಯಾಗಿರುತ್ತದೆ. ಹೊರಮೈಯಲ್ಲಿ ಹಳತಾದರೂ ಒಳಗಿನ ಎಷ್ಟೋ ಭಾಗಗಳಲ್ಲಿ ಅದೇ ಕಿರಿಯ ಕಾರು.

ಇಲ್ಲಿ ಮೊದಲ ಆಕ್ಷೇಪ ಏಳಬೇಕು, ಏಳುವುದು ನ್ಯಾಯವೂ ಹೌದು. ಹಾಗಾದರೆ ಓಟದಿಂದ ಸವೆತವೇ ಇಲ್ಲವೆ? ಖಂಡಿತ ಇದೆ. ಅದರಲ್ಲೂ ಲೋಹದ ದಣಿವು ಎಂಬುದು ಎಣಿಕೆಯ ಲೆಕ್ಕದ್ದೇ. ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಪ್ರಷ್ಯಾದ ರೈಲ್ವೆ ಎಂಜಿನಿಯರ್ ಆಗಸ್ಟ್ ವೋಲರ್ ಅಚ್ಚುಗಳನ್ನು ಲಕ್ಷಾಂತರ ಸಲ ಬಾಗಿಸಿ ತೋರಿಸಿದ: ಒಂದೇಟಿಗೆ ಮುರಿಯದ ಭಾರವೂ ಮತ್ತೆ ಮತ್ತೆ ಬಿದ್ದರೆ ಉಕ್ಕನ್ನು ಸೀಳುತ್ತದೆ, ಆದರೆ ಒಂದು ಮಿತಿಗಿಂತ ಕಡಿಮೆ ಭಾರವಾದರೆ ಎಷ್ಟು ಸಲ ಬಿದ್ದರೂ ಉಕ್ಕು ತಡೆಯುತ್ತದೆ. ಸಿಎಸ್ಎಲ್‌ನ ದೇಹ ಅದರ ಸಾಮಾನ್ಯ ಸೋದರರದೇ. ಆ ಪೀಳಿಗೆಯ ಕಾರುಗಳ ಹಿಂಭಾಗದ ನೆಲದಲ್ಲಿ, ಹಿಂದಿನ ಅಚ್ಚಿನ ಚೌಕಟ್ಟು ಬೋಲ್ಟಿನಿಂದ ಕೂರುವ ಜಾಗಗಳಲ್ಲಿ, ತಗಡು ಬಿರುಕು ಬಿಡುವ ರೋಗ ಪ್ರಸಿದ್ಧ. ಆಕ್ಸಿಲರೇಟರ್ ಒತ್ತಿದಾಗ ಒಂದು ಕಡೆಗೆ, ಬಿಟ್ಟಾಗ ಇನ್ನೊಂದು ಕಡೆಗೆ ಚೌಕಟ್ಟು ಎಳೆಯುತ್ತದೆ. ತೆಳು ತಗಡಿನಲ್ಲಿ, ಬೆಸುಗೆಯ ಚುಕ್ಕೆಗಳ ಬಳಿ, ವೋಲರ್ ಹೇಳಿದ ಎಣಿಕೆ ನಡೆಯುತ್ತದೆ. ಆದರೆ ಈ ಎಣಿಕೆಯೂ ಕಿಲೋಮೀಟರಿನದಲ್ಲ, ಎಳೆತದ್ದು. ಹೆದ್ದಾರಿಯಲ್ಲಿ ಒಂದೇ ಹದದಲ್ಲಿ ನೂರು ಕಿಲೋಮೀಟರ್ ಓಡಿದರೆ ಬೀಳುವ ದೊಡ್ಡ ಎಳೆತಗಳು ಬೆರಳೆಣಿಕೆ. ರೇಸ್ ಟ್ರ್ಯಾಕಿನಲ್ಲಿ ಒಂದು ಮಧ್ಯಾಹ್ನ ಕಳೆದರೆ ನೂರಾರು. ಕಡಿಮೆ ಓಡಿದ ವಿಶೇಷ ಆವೃತ್ತಿಯ ಕಾರು ಆ ಕಡಿಮೆಯನ್ನು ಎಲ್ಲಿ ಓಡಿತು ಎಂದು ಕೇಳದಿದ್ದರೆ, ಮೀಟರಿನ ಅಂಕಿ ಸತ್ಯ ಹೇಳಿಯೂ ದಾರಿ ತಪ್ಪಿಸುತ್ತದೆ. ಸಮಾಧಾನವೆಂದರೆ ಈ ಬಿರುಕು ಕಾಣುವಂಥದು. ಕಾರನ್ನು ಮೇಲೆತ್ತಿ, ಚೌಕಟ್ಟು ಇಳಿಸಿ, ಟಾರ್ಚ್ ಹಿಡಿದು ನೋಡಿದರೆ ತಿಳಿಯುತ್ತದೆ. ತಗಡಿಗೆ ಬಲವಾದ ಪಟ್ಟಿ ಬೆಸೆದು ಸರಿಪಡಿಸಬಹುದು. ಹೆಚ್ಚು ಓಡಿದ ಕಾರಿಗೆ ಈ ಕೆಲಸ ಆಗಿದ್ದರೆ ಅದನ್ನು ಕಲೆ ಎಂದುಕೊಳ್ಳುವ ಬದಲು ಚಿಕಿತ್ಸೆ ಎಂದು ಓದಬೇಕು.

ಎರಡನೆಯ ಆಕ್ಷೇಪ ತುಕ್ಕಿನದು. ಬ್ರಿಟನ್ನಿನಲ್ಲಿ ದಿನಾ ಓಡುವ ಕಾರು ಚಳಿಗಾಲದಲ್ಲಿ ಉಪ್ಪು ಎರಚಿದ ರಸ್ತೆಯಲ್ಲೇ ಓಡಬೇಕು. ಉಪ್ಪುನೀರು ಉಕ್ಕಿನ ಮೇಲೆ ಕೂತರೆ ಅದೊಂದು ಸಣ್ಣ ವಿದ್ಯುತ್ ಕೋಶವಾಗಿ ಕಬ್ಬಿಣವನ್ನು ಕರಗಿಸುತ್ತದೆ. ಈ ಆಕ್ಷೇಪವನ್ನು ಪೂರ್ತಿ ಒಪ್ಪಬೇಕು. ನಿತ್ಯದ ಓಟದ ಪರವಾದ ವಾದ ಉಪ್ಪಿನ ಪರವಾದ ವಾದವಾಗಲಾರದು. ಆದರೂ ಒಂದು ಸೂಕ್ಷ್ಮವಿದೆ. ಅಡುಗೆ ಉಪ್ಪು ಗಾಳಿಯ ತೇವಾಂಶ ಶೇ. 75 ದಾಟಿದರೆ ತಾನೇ ನೀರು ಹೀರಿ ಕರಗುತ್ತದೆ. ಇನ್ನೊಂದು ಬಗೆಯ ಉಪ್ಪಾದ ಮೆಗ್ನೀಸಿಯಂ ಕ್ಲೋರೈಡಿಗೆ ಶೇ. 33ರಷ್ಟಿದ್ದರೂ ಸಾಕು. ರಾಸಾಯನಿಕ ಕ್ರಿಯೆಗಳು ಬೆಚ್ಚಗಿದ್ದಷ್ಟೂ ವೇಗ. ಆದ್ದರಿಂದ ಒಂದು ಭಾನುವಾರ ಉಪ್ಪಿನ ರಸ್ತೆಯಲ್ಲಿ ಓಡಿಸಿ, ತೊಳೆಯದೆ ತಂದು ಬೆಚ್ಚನೆಯ ಒದ್ದೆ ಗ್ಯಾರೇಜಿನಲ್ಲಿ ಹೊದಿಕೆ ಹಾಕಿ ಮೂರು ತಿಂಗಳು ನಿಲ್ಲಿಸಿದ ಕಾರು, ವಾರವಾರ ಅಡಿಭಾಗ ತೊಳೆಸಿಕೊಂಡು ಗಾಳಿಯಲ್ಲಿ ಓಡಾಡಿದ ಕಾರಿಗಿಂತ ಬೇಗ ತುಕ್ಕು ಹಿಡಿಯುತ್ತದೆ. ಬ್ರೇಕ್ ಡಿಸ್ಕಿನ ಮೇಲೆ ರಾತ್ರಿ ಬೆಳೆದ ತುಕ್ಕಿನ ಪದರವನ್ನು ಬೆಳಗಿನ ಮೊದಲ ನಾಲ್ಕು ಬ್ರೇಕು ಒರೆಸಿಹಾಕುತ್ತವೆ. ವರ್ಷ ನಿಂತರೆ ಅದೇ ಪದರ ಕುಳಿಯಾಗುತ್ತದೆ. ಕಾರನ್ನು ಸರಿಯಾಗಿ ನಿಲ್ಲಿಸಿಡುವುದು ಸಾಧ್ಯವಿಲ್ಲವೆಂದಲ್ಲ. ತೇವಾಂಶ ಹತೋಟಿಯಲ್ಲಿರುವ ಕೋಣೆ, ಹೊಸ ಎಣ್ಣೆ, ಚಾರ್ಜರ್, ಆಗಾಗ ಒಂದು ದೀರ್ಘ ಓಟ ಇವೆಲ್ಲ ಇದ್ದರೆ ಆಗುತ್ತದೆ. ಆದರೆ ಅದು ಏನೂ ಮಾಡದೆ ಬಿಡುವುದಲ್ಲ, ಇನ್ನೊಂದು ಬಗೆಯ ದುಡಿಮೆ.

ಮೂರನೆಯ ಆಕ್ಷೇಪ ತರ್ಕದ್ದು. 1,80,000 ಕಿ.ಮೀ. ಓಡಿ ಇಂದಿಗೂ ಮಾರಾಟಕ್ಕಿರುವ ಕಾರು ಎಂದರೆ ಬದುಕುಳಿದದ್ದು ಎಂದರ್ಥ. ದಾರಿಯಲ್ಲಿ ಸತ್ತವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಓಟ ಒಳ್ಳೆಯದು ಎನ್ನುವುದು ಸರಿಯೆ? ಓಟವೇ ಆಯುಸ್ಸು ಕೊಡುತ್ತದೆ ಎಂದು ಸಾಧಿಸಲು ಹೊರಟಿದ್ದರೆ ಈ ಆಕ್ಷೇಪ ನಮ್ಮನ್ನು ಕೆಡವುತ್ತಿತ್ತು. ಆದರೆ ಕೊಳ್ಳುವವರು ಬದುಕುಳಿದವುಗಳ ನಡುವೆಯೇ ಆರಿಸುತ್ತಾರೆ. ಅವರಿಗೆ ಬೇಕಾದದ್ದು ಎದುರಿಗಿರುವ ಈ ಒಂದು ಕಾರಿನ ಸ್ಥಿತಿ. 1978ರಲ್ಲಿ ಯುನೈಟೆಡ್ ಏರ್‌ಲೈನ್ಸ್‌ನ ಸ್ಟ್ಯಾನ್ಲಿ ನೌಲನ್ ಮತ್ತು ಹೊವರ್ಡ್ ಹೀಪ್ ವಿಮಾನದ ಬಿಡಿಭಾಗಗಳು ಕೆಡುವ ಬಗೆಯ ಬಗ್ಗೆ ಒಂದು ದೊಡ್ಡ ವರದಿ ಕೊಟ್ಟರು. ಅವರು ಪರಿಶೀಲಿಸಿದ ಭಾಗಗಳಲ್ಲಿ ಶೇ. 89ರಷ್ಟಕ್ಕೆ ಇಂತಿಷ್ಟು ಗಂಟೆಯಾದ ಮೇಲೆ ಕಳಚಿ ಬದಲಿಸು ಎಂಬ ನಿಯಮದಿಂದ ಪ್ರಯೋಜನವಿರಲಿಲ್ಲ. ವಿಮಾನಯಾನದಲ್ಲಿ ಗಂಟೆ ಎಣಿಸುವುದಕ್ಕಿಂತ ಸ್ಥಿತಿ ನೋಡುವುದಕ್ಕೆ ಬೆಲೆ ಬಂದದ್ದು ಇಂಥ ಅರಿವಿನಿಂದ. ಕಾರು ವಿಮಾನವಲ್ಲ, ಶೇಕಡಾವಾರು ಅಂಕಿ ಹಾಗೇ ಒಪ್ಪಬೇಕಿಲ್ಲ. ಪಾಠ ಮಾತ್ರ ಒಪ್ಪುವಂಥದು. ಸ್ಥಿತಿ ನೋಡುವ ಉಪಾಯಗಳೂ ಕೈಗೆಟುಕುವಂತಿವೆ. ಹಳೆಯ ಎಂಜಿನ್ ಎಣ್ಣೆಯ ಒಂದು ಸಣ್ಣ ಶೀಶೆಯನ್ನು ಪ್ರಯೋಗಾಲಯಕ್ಕೆ ಕಳಿಸಿದರೆ ಅದರಲ್ಲಿ ಸೀಸ, ತಾಮ್ರ, ಕಬ್ಬಿಣ ಎಷ್ಟೆಷ್ಟಿದೆ ಎಂದು ಹೇಳುತ್ತಾರೆ. ಬೇರಿಂಗ್ ಸವೆಯುತ್ತಿದ್ದರೆ ಅದರ ಲೋಹ ಎಣ್ಣೆಯಲ್ಲಿ ಸಿಗುತ್ತದೆ, ರಕ್ತಪರೀಕ್ಷೆಯ ಹಾಗೆ. ಬ್ರಿಟನ್ನಿನಲ್ಲಿ ಮೂರು ವರ್ಷ ದಾಟಿದ ಕಾರುಗಳಿಗೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಎಂಒಟಿ ತಪಾಸಣೆ ಕಡ್ಡಾಯ. 2005ರಿಂದ ಅದರ ಫಲಿತಾಂಶಗಳು ಕಂಪ್ಯೂಟರಿನಲ್ಲಿವೆ. ನಂಬರ್ ಪ್ಲೇಟಿನ ಅಕ್ಷರ ಕೊಟ್ಟರೆ ಯಾರು ಬೇಕಾದರೂ ಓದಬಹುದು. ಯಾವ ವರ್ಷ ಎಷ್ಟು ಮೈಲಿ, ಯಾವಾಗ ಬ್ರೇಕ್ ಪೈಪಿನಲ್ಲಿ ತುಕ್ಕು ಕಂಡಿತು, ಮುಂದಿನ ವರ್ಷ ಆ ಟಿಪ್ಪಣಿ ಮಾಯವಾಯಿತೆ ಉಳಿಯಿತೆ ಎಲ್ಲವೂ ಅಲ್ಲಿರುತ್ತದೆ. ಐದು ವರ್ಷ ಎಂಒಟಿಯೇ ಇಲ್ಲದ ಖಾಲಿ ಜಾಗವೂ ಒಂದು ಮಾಹಿತಿಯೇ. ಓಡಿದ ಕಾರು ತನ್ನ ಬಗ್ಗೆ ಸಾಕ್ಷ್ಯ ಬಿಟ್ಟಿರುತ್ತದೆ, ನಿಂತದ್ದರ ಬಗ್ಗೆ ಮಾರುವವರ ಮಾತನ್ನೇ ನಂಬಬೇಕು.

ಇನ್ನು, ಇಂಥ ಕಾರು ದಿನಬಳಕೆಗೆ ಹುಟ್ಟಿದ್ದೇ ಅಲ್ಲವಲ್ಲ ಎಂಬ ಪ್ರಶ್ನೆ. ಇದರಲ್ಲಿ ನಿಜವಿದೆ, ಆದರೆ ಕಾರಿನಾದ್ಯಂತ ಸಮನಾಗಿಲ್ಲ. ಸಿಎಸ್ಎಲ್ ಹೊಸದಾಗಿ ಬಂದಾಗ ಅದರೊಂದಿಗೆ ಬಂದ ಮಿಷಲಿನ್ ಕಪ್ ಟೈರುಗಳು ಹೆಚ್ಚುಕಡಿಮೆ ರೇಸಿನವು. ಒದ್ದೆ ರಸ್ತೆಯಲ್ಲಿ ಇವುಗಳ ಹಿಡಿತ ಕಡಿಮೆ ಎಂಬುದು ನನಗೆ ತಿಳಿದಿದೆ ಎಂದು ಕೊಳ್ಳುವವರು ಸಹಿ ಹಾಕಿಕೊಡಬೇಕಿತ್ತು. ಕಾರಣ ಎರಡು. ತೋಡುಗಳು ಕಡಿಮೆ, ನೀರಿಗೆ ಹೊರಹೋಗಲು ದಾರಿಯಿಲ್ಲ. ಜೊತೆಗೆ ಆ ರಬ್ಬರಿನ ಮಿಶ್ರಣ ಟ್ರ್ಯಾಕಿನ ಬಿಸಿಯಲ್ಲಿ ಮೆದುವಾಗಿ ಅಂಟುವಂತೆ ಹದ ಮಾಡಿದ್ದು. ಇಂಗ್ಲೆಂಡಿನ ಜನವರಿಯ ಬೆಳಗ್ಗೆ ಅದು ಹಲಗೆಯಂತೆ ಗಡುಸು. ಇದಕ್ಕೆ ಪರಿಹಾರ ಸುಲಭ: ಟೈರು ಬದಲಿಸುವುದು. ಹಗುರ ಕಾರು, ಒಳ್ಳೆಯ ರಸ್ತೆ ಟೈರು ಎರಡೂ ಸೇರಿದರೆ ಮಳೆಯಲ್ಲಿ ನಿಲ್ಲುವ ದೂರ ಕಡಿಮೆಯಾಗುತ್ತದೆ, ಅಸಲಿತನ ಮಾತ್ರ ಕೆಲವರ ಕಣ್ಣಲ್ಲಿ ಕುಂದುತ್ತದೆ. ಎ.ಸಿ. ಇರುವ ಕಾರನ್ನೇ ಹುಡುಕಬಹುದು. ಕೇಳಿದವರಿಗೆ ಕಂಪನಿ ಅದನ್ನು ಕೊಟ್ಟಿತ್ತು. ಬಗ್ಗದ ಸ್ಪ್ರಿಂಗು, ಕಡಿಮೆ ಮಾಡಿದ ಶಬ್ದನಿರೋಧಕ, ಹಿಂದಕ್ಕೆ ಮಲಗದ ಸೀಟು ಇವುಗಳಿಗೆ ಮಾತ್ರ ಪರಿಹಾರವಿಲ್ಲ. ದಿನಕ್ಕೆ ಮೂರು ಗಂಟೆ ಟ್ರಾಫಿಕ್ಕಿನಲ್ಲಿ ಕೂರುವವರು ಇದನ್ನು ಕೊಳ್ಳಬಾರದು. ಕಾರಣ ಕಾರಿನ ಆಯುಸ್ಸಲ್ಲ, ಅವರ ಬೆನ್ನು. ಮೂವತ್ತು ನಲವತ್ತು ಕಿಲೋಮೀಟರಿನ ತೆರೆದ ರಸ್ತೆ ಇರುವವರಿಗೆ, ದಿನವೂ ಆ ಕಿತ್ತಳೆ ದೀಪಗಳೆಲ್ಲ ಆರುವಷ್ಟು ಹೊತ್ತು ಓಡಿಸುವವರಿಗೆ ಇದು ತಕ್ಕದ್ದು.

ಕೊನೆಯ ಆಕ್ಷೇಪದಲ್ಲಿ ದುಡ್ಡೂ ಇದೆ, ನೀತಿಯೂ ಇದೆ. 1,383ರಲ್ಲಿ ಒಂದನ್ನು ಸವೆಸುವುದು ನಷ್ಟವಲ್ಲವೆ, ಮುಂದಿನವರಿಗೆ ಉಳಿಸಬೇಡವೆ? ದುಡ್ಡಿನ ಮಾತಿಗೆ ಉತ್ತರ ನಮ್ಮ ಎರಡು ಕಾರುಗಳಲ್ಲೇ ಇದೆ. 25,000ದ ಕಾರಿಗೆ ಕೊಟ್ಟ ಹೆಚ್ಚಿನ ಹಣ ಆ ಅಂಕಿಗಾಗಿ ಕೊಟ್ಟದ್ದು. ಆಫೀಸಿಗೆ ಹೋದ ಪ್ರತಿ ದಿನವೂ ಅದು ಕರಗುತ್ತದೆ. 1,80,000ದ ಕಾರಿನಲ್ಲಿ ಕರಗಬೇಕಾದದ್ದು ಹಿಂದಿನ ಮಾಲೀಕರ ಜೇಬಿನಿಂದಲೇ ಕರಗಿದೆ. ಇನ್ನೂ ಹತ್ತು ಸಾವಿರ ಸೇರಿದರೆ ಯಾರೂ ಹುಬ್ಬೇರಿಸುವುದಿಲ್ಲ. ಆದ್ದರಿಂದ ಗಾಜಿನ ಪೆಟ್ಟಿಗೆಯ ಕಾರನ್ನು ಗಾಜಿನ ಪೆಟ್ಟಿಗೆಯವರಿಗೇ ಬಿಡುವುದು ಇಬ್ಬರಿಗೂ ಲಾಭ. ನೀತಿಯ ಮಾತನ್ನೂ ಹೀಗೇ ಬಿಡಿಸಬಹುದು. ಕಾರ್ಖಾನೆ ಬಿಟ್ಟಾಗ ಹೇಗಿತ್ತು ಎಂಬುದಕ್ಕೆ ಸಾಕ್ಷಿಯಾಗಿ ಕೆಲವು ಕಾರುಗಳು ಮುಟ್ಟದೆ ಉಳಿಯಬೇಕು, ತಾಳೆಗರಿಯ ಮೂಲಪ್ರತಿ ಉಳಿದ ಹಾಗೆ. ಆದರೆ ಓದುವವರಿಲ್ಲದ ಲಿಪಿಯ ಗತಿ ನಮಗೆ ಗೊತ್ತು. ಇಂಥ ಎಂಜಿನ್ನಿನ ವಾಲ್ವ್ ಸಂದಿಯನ್ನು ತೆಳು ಬಿಲ್ಲೆಗಳಿಟ್ಟು ಹೊಂದಿಸುವುದನ್ನು ಕಲಿತ ಮೆಕ್ಯಾನಿಕ್ಕು, ಬಿಡಿಭಾಗ ಮತ್ತೆ ತಯಾರಿಸುವ ಸಣ್ಣ ಕಾರ್ಖಾನೆ ಇವು ಉಳಿಯುವುದು ಓಡುವ ಕಾರುಗಳಿಂದ. ನಿಂತ ಕಾರುಗಳನ್ನು ಎಂದಾದರೂ ಎಬ್ಬಿಸಬೇಕಾದಾಗ ಬೇಕಾಗುವ ಕೈಗಳಿಗೆ ಕೆಲಸ ಕೊಟ್ಟು ಸಾಕುವುದು ಓಡಿದ ಕಾರುಗಳೇ.

ಸಿಎಸ್ಎಲ್ ನಮ್ಮ ರಸ್ತೆಗೆ ಬರುವ ಕಾರಲ್ಲ. ಮೂರು ವರ್ಷಕ್ಕಿಂತ ಹಳೆಯ ಸೆಕೆಂಡ್ ಹ್ಯಾಂಡ್ ಕಾರಿನ ಆಮದಿಗೆ ಭಾರತದ ಸಾಮಾನ್ಯ ನಿಯಮ ಅವಕಾಶ ಕೊಡುವುದಿಲ್ಲ. ಆದರೂ ಅದರ ಲೋಹ, ಎಣ್ಣೆ, ರಬ್ಬರಿನ ನಡವಳಿಕೆ ಎಲ್ಲ ಕಡೆ ಒಂದೇ. ಮಂಗಳೂರಿನ ಉಪ್ಪುಗಾಳಿಯಲ್ಲಿ ಹೊದಿಕೆಯಡಿ ನಿಂತ ಕಾರಿಗೂ, ಶೇ. 20 ಎಥೆನಾಲಿನ ಪೆಟ್ರೋಲ್ ತುಂಬಿಸಿ ಬೆಂಗಳೂರಿನ ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಮರೆತುಬಿಟ್ಟ ಕಾರಿಗೂ ಈ ಗಡಿಯಾರಗಳು ಹೀಗೇ ನಡೆಯುತ್ತವೆ. 'ಡಾಕ್ಟರ್ ಓಡಿಸಿದ್ದು, ತುಂಬಾ ಕಡಿಮೆ ಓಡಿದೆ' ಎಂಬ ಜಾಹೀರಾತು ನಮ್ಮಲ್ಲೂ ಮಾರಾಟದ ಮಂತ್ರ. ಎಲ್ಲೇ ಆಗಲಿ, ಎಷ್ಟು ಓಡಿದೆ ಎಂಬುದರ ಜೊತೆಗೆ ಇನ್ನೊಂದು ಪ್ರಶ್ನೆ ಕೇಳಬೇಕು: ಕೊನೆಯ ಸಲ ಯಾವಾಗ ಓಡಿತು? 'ಹೋದ ವರ್ಷ, ಆಯುಧಪೂಜೆಗೆ ಹೊರಗೆ ತೆಗೆದಿದ್ದೆವು' ಎಂದರೆ ಬೆಲೆಯಲ್ಲಿ ಟೈರು, ಬ್ಯಾಟರಿ, ಪೈಪು, ಎಣ್ಣೆಗಳ ಖರ್ಚು ಕಳೆದು ಮಾತಾಡಬೇಕು. 'ನಿನ್ನೆ ಸಂಜೆ, ತರಕಾರಿ ತರಲು' ಎಂದರೆ ಮುಖ ಅರಳಬಹುದು. ಆಗಲೂ ತರಕಾರಿ ಅಂಗಡಿ ಎಷ್ಟು ದೂರ ಎಂದು ಕೇಳುವುದನ್ನು ಮರೆಯಬಾರದು.